ದನಿ ಕಾಣುವ ಹಣಿಗೆ

ಹೋದ ವಾರ ಕೆಟ್ಟ ಮಿಕ್ಸರನ್ನು ಚೀಲದಲ್ಲಿ ಹಾಕಿಕೊಂಡು ಭಾಂಡುಪ್ ಸ್ಟೇಷನ್ ಹೊರಗಿನ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬೆಸುಗೆ ಹಾಕುವ ಕಡ್ಡಿಯನ್ನು ಕಾಯಿಸಿ ರಾಳದ ಡಬ್ಬಿಗೆ ತಾಗಿಸಿದ. ಚುಂಯ್ ಎಂದು ಬಿಳಿ ಹೊಗೆ ಎದ್ದಿತು. ಸುಟ್ಟ ರಾಳದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. "ಆಂಟೀ, ಚಕ್ಕರ್ ಆಯಾ ಕ್ಯಾ?" ಎಂದು ಅವನು ನೀರು ಕೊಟ್ಟ. ನನಗೆ ತಲೆ ಸುತ್ತಿರಲಿಲ್ಲ. ಐವತ್ತು ವರ್ಷದ ಹಿಂದಿನ ಒಂದು ಖೋಲಿ, ಅದರ ಹಲಗೆಯ ಗೋಡೆ, ಗೋಡೆಗೆ ಒರಗಿಸಿಟ್ಟಿದ್ದ ಒಂದು ದೀಪ... ಇದನ್ನೆಲ್ಲ ಅವನಿಗೆ ಯಾವ ಭಾಷೆಯಲ್ಲಿ ಹೇಳುವುದು? ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಎದ್ದು ಬಂದೆ.

ಮದುವೆಯಾಗಿ ಉಡುಪಿ ಕಡೆಯಿಂದ ನಾನು ದಾದರಿನ ಚಾಳಿಗೆ, ಸಂಸಾರಕ್ಕೊಂದೇ ಕೋಣೆಯ ವಠಾರಕ್ಕೆ, ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ನನ್ನ ಗಂಡ ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಬೆಳಿಗ್ಗೆ ಹೋದರೆ ಊರೆಲ್ಲ ಮಲಗಿದ ಮೇಲೆ ಬರುವುದು. ಮೂರನೆಯ ಮಾಳಿಗೆಯ ಕೊನೆಯ ಎರಡು ಖೋಲಿಗಳಲ್ಲಿ ಒಂದು ನಮ್ಮದು, ಇನ್ನೊಂದು ಅವರದು. ಅವರನ್ನು ಚಾಳಿನಲ್ಲಿ ಎಲ್ಲರೂ ವಾಯರ್‌ಮನ್ ಕಾಕಾ ಎನ್ನುತ್ತಿದ್ದರು. ಇಳಕಲ್ ಕಡೆಯ ನೇಕಾರರ ಮನೆಯವರು. ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ವಾಯರ್‌ಮನ್ ಆಗಿದ್ದರು. ನೂರಾರು ಮಗ್ಗ ಓಡುವ ಶೆಡ್ಡಿನಲ್ಲಿ ದುಡಿದು ದುಡಿದು ಅವರ ಕಿವಿ ಪೂರ್ತಿ ಹೋಗಿಬಿಟ್ಟಿತ್ತು. ತಾವು ಎಷ್ಟು ಗಟ್ಟಿಯಾಗಿ ಮಾತಾಡುತ್ತೇವೆ ಎಂಬ ಅಂದಾಜೇ ಅವರಿಗೆ ಇರಲಿಲ್ಲ. ಗುಟ್ಟು ಎಂದು ಹೆಂಡತಿಗೆ ಹೇಳಿದ್ದು ಕೆಳಗೆ ನಲ್ಲಿಯ ಹತ್ತಿರ ನಿಂತವರಿಗೂ ಕೇಳುತ್ತಿತ್ತು.

ಕಾಕಿಯದು ಇದಕ್ಕೆ ತದ್ವಿರುದ್ಧ. ಗಂಡನ ಜೊತೆ ಆಕೆ ದನಿಯನ್ನೇ ತೆಗೆಯುತ್ತಿರಲಿಲ್ಲ. ಬರೀ ತುಟಿ ಆಡಿಸುವುದು, ಅವರು ಓದಿಕೊಳ್ಳುವುದು. "ಕೇಳದ ಕಿವಿಗೆ ದನಿ ಯಾಕ ಸುಮ್ನ ದಂಡ ಮಾಡ್ಲಿಬೇ?" ಎಂದು ನನ್ನ ಹತ್ತಿರ ನಗುತ್ತಿದ್ದರು. ಆ ವಿದ್ಯೆಯನ್ನು ನನಗೂ ಕಲಿಸಿದರು. ಊರಿನಿಂದ ಬಂದು ಕೂತಿದ್ದ ನನ್ನ ಅತ್ತೆಯ ಎದುರಿಗೇ ನಾವಿಬ್ಬರೂ ಖೋಲಿಗಳ ಮುಂದಿನ ಗ್ಯಾಲರಿಯ ಆ ಕಡೆ ಈ ಕಡೆ ನಿಂತು ಅವರದೇ ಚಾಡಿಯನ್ನು ಹೇಳಿಕೊಳ್ಳುತ್ತಿದ್ದೆವು, ಒಂದು ಶಬ್ದವಿಲ್ಲದೆ. ಕಾಕಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಆ ನಗು ಹೇಗಿತ್ತೆಂದರೆ... ಇರಲಿ, ಮುಂದೆ ಹೇಳುತ್ತೇನೆ.

ಕಾಕಿಗೆ ದಮ್ಮಿನ ಕಾಯಿಲೆ. ಮಿಲ್ಲುಗಳ ಹೊಗೆ, ಹತ್ತಿಯ ಧೂಳು, ಮುಂಬಯಿಯ ಮಳೆಗಾಲದ ಶೀತ, ಎಲ್ಲ ಸೇರಿ ಆಕೆಯನ್ನು ಮಂಚಕ್ಕೆ ಹಾಕಿದವು. ನಾನು ಬಂದ ಎರಡು ಮೂರು ವರ್ಷದಲ್ಲಿ ಮೆಟ್ಟಿಲು ಇಳಿಯುವುದೇ ನಿಂತಿತು. ದಮ್ಮು ಕಟ್ಟಿದಾಗ ಯಾರಾದರೂ ತಕ್ಷಣ ಎಬ್ಬಿಸಿ ಕೂರಿಸಬೇಕು, ಬೆನ್ನು ನೀವಬೇಕು, ಗುಳಿಗೆ ಕೊಡಬೇಕು, ಅದಕ್ಕೂ ಬಗ್ಗದಿದ್ದರೆ ಗಲ್ಲಿಯ ಡಾಕ್ಟರರನ್ನು ಕರೆತಂದು ಇಂಜೆಕ್ಷನ್ ಕೊಡಿಸಬೇಕು. ಕಾಕಾ ಪಾಳಿಗೆ ಹೋದಾಗ ಚಿಂತೆ ಇರಲಿಲ್ಲ. ಹಲಗೆಯ ಗೋಡೆಯ ಈಚೆ ನಾನಿದ್ದೆ. ಆಕೆ ಕೆಮ್ಮಿದರೂ ನನಗೆ ಕೇಳುತ್ತಿತ್ತು. ಕಾಕಾ ಮನೆಯಲ್ಲಿ ಇದ್ದಾಗಲೇ ಭಯ! ಗಂಡ ಇದ್ದಾರಲ್ಲ ಎಂದು ನಾನು ಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದೆ.

ಒಂದು ದಿನ ಹಾಗೆಯೇ ಆಯಿತು. ತರಕಾರಿ ತಂದು ಗ್ಯಾಲರಿಗೆ ಬರುತ್ತೇನೆ, ಒಳಗಿನಿಂದ ಕಾಕಿಯ ಏದುಸಿರು. ಓಡಿಹೋಗಿ ನೋಡಿದರೆ ಕಾಕಾ ಸ್ಟವ್ ಮುಂದೆ, ಮಂಚಕ್ಕೆ ಬೆನ್ನು ಹಾಕಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ, ತಪ ತಪ ಎಂದು, ಆರಾಮಾಗಿ. ಹಿಂದೆ ಮಂಚದ ಮೇಲೆ ಹೆಂಡತಿ ನೀಲಿಗಟ್ಟಿದ್ದಾಳೆ. ನಾನು ಆಕೆಯನ್ನು ಎತ್ತಿ ಕೂರಿಸಿದೆ. ಕಾಕಾ ತಿರುಗಿ ನೋಡಿದರು. ಆಮೇಲೆ ಅವರು ಅತ್ತದ್ದು ಇಡೀ ಚಾಳಿಗೆ ಕೇಳಿತು.

ಅದರ ಮಾರನೆಯ ದಿನದಿಂದಲೇ ರಾಳದ ವಾಸನೆ ಶುರುವಾದದ್ದು. ಪಾಳಿ ಮುಗಿಸಿ ಬಂದವರು ನೆಲದ ಮೇಲೆ ಕೂತು ಬೆಸುಗೆ ಹಾಕುತ್ತಿದ್ದರು. ಚೋರ್ ಬಜಾರಿನಿಂದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯೊಂದು ಬಂತು. ಎಲ್ಲಿಂದಲೋ ಟೆಲಿಫೋನಿನ ಬಾಯಿ, ಮಾತು ಹಿಡಿಯುವ ಆ ತುಂಡು, ಬಂತು. ಅದನ್ನು ಕಾಕಿಯ ದಿಂಬಿನ ಹತ್ತಿರ ಮಂಚದ ಹಗ್ಗಕ್ಕೆ ಕಟ್ಟಿದರು. ಪೆಟ್ಟಿಗೆಯಲ್ಲಿ ಸ್ಪೀಕರ್ ಸಿಗಿಸುವ ವಾಯರಿಗೆ ಸ್ಪೀಕರ್ ಬದಲು ಟಾರ್ಚಿನ ಬಲ್ಬುಗಳನ್ನು ಸಾಲು ಸಾಲಾಗಿ ಜೋಡಿಸಿದರು. ಆ ಬಲ್ಬುಗಳ ಮುಂದೆ ನಿಲ್ಲಿಸಿದ್ದು ಮಗ್ಗದ ಹಣಿಗೆಯನ್ನು. ನೂಲನ್ನು ಬಾಚಣಿಗೆಯ ಹಾಗೆ ಬಿಡಿಸಿ ಹಿಡಿಯುವ, ಉಕ್ಕಿನ ತೆಳ್ಳನೆಯ ಹಲ್ಲುಗಳ ಉದ್ದನೆಯ ಚೌಕಟ್ಟು ಅದು. ಮಿಲ್ಲಿನವರು ಗುಜರಿಗೆ ಎಸೆದದ್ದು. ಒಂದೇ ಒಂದು ಬಲ್ಬಿನ ಬದಲು ಇದೆಲ್ಲ ಯಾಕೆ ಎಂದು ನಾನು ತುಟಿ ಆಡಿಸಿ ಕೇಳಿದೆ. ಚಂದ ಕಾಣಬೇಕಲ್ಲ, ಆಕೆಯ ದನಿ ಅದು ಎಂದರು.

ಮೊದಲ ಸಲ ಹತ್ತಿಸಿದ ಸಂಜೆ ನಾನು ಅಲ್ಲೇ ಇದ್ದೆ. "ಏನರೆ ಮಾತಾಡ" ಎಂದು ಕಾಕಾ ಕೂಗಿದರು. ಕಾಕಿ ಅಭ್ಯಾಸದಂತೆ ಬರೀ ತುಟಿ ಆಡಿಸಿದರು. ದೀಪ ಹತ್ತಲಿಲ್ಲ. "ದನಿ ತಗದು, ದನಿ ತಗದು!" ಎಂದರು ಕಾಕಾ. ಗಂಡನ ಎದುರು ದನಿ ತೆಗೆಯುವುದು ಆಕೆಗೆ ಮರೆತೇ ಹೋಗಿತ್ತು, ಪಾಪ. ಹೊಸ ಮದುಮಗಳ ಹಾಗೆ ನಾಚಿಕೊಂಡರು. ಕೊನೆಗೆ, "ಏನ್ ಮಾತಾಡ್ಲಿರೀ ನಾನು?" ಎಂದರು. ಹಣಿಗೆಯ ಕೆಳಗಿನ ಸಾಲು ಕೆಂಪಗೆ ಮಿಣುಕಿತು. ಆ ಬೆಳಕು ಸಾವಿರ ಹಲ್ಲುಗಳ ಮೇಲೆ ನಡುಗುತ್ತ ಗೋಡೆಯಿಡೀ ಹರಡಿತು. ಅದನ್ನು ನೋಡಿ ಕಾಕಿ ನಕ್ಕರು, ನಕ್ಕದ್ದಕ್ಕೆ ಬೆಳಕು ಚಿಮ್ಮಿ ಮೇಲಿನ ಸಾಲಿಗೆ ಹೋಯಿತು, ಅದಕ್ಕೆ ಇನ್ನೂ ನಕ್ಕರು. ಕಾಕಾ ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಹೆಂಡತಿ ನಗುವುದನ್ನು ಅವರು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಆಮೇಲಿನ ಒಂದು ವರ್ಷ ಆ ಖೋಲಿಯಲ್ಲಿ ಸುಖವಿತ್ತು. ನನಗೆ ಅನುಮಾನವೇ ಇಲ್ಲ, ಅದು ಸುಖವೇ. ಕಾಕಿ ಮತ್ತೆ ಗಂಡನ ಜೊತೆ ದನಿ ತೆಗೆದು ಮಾತಾಡತೊಡಗಿದರು. ಕಾಕಾ ಸ್ಟವ್ ಮುಂದೆ ಕೂತು ಹಣಿಗೆಯನ್ನೇ ನೋಡುತ್ತ ರೊಟ್ಟಿ ಬಡಿಯುತ್ತಿದ್ದರು. ಕೆಮ್ಮಿದರೆ ಯಾವ ಸಾಲು, ಸಿಟ್ಟು ಬಂದರೆ ಯಾವ ಸಾಲು, ಸುಳ್ಳು ಹೇಳಿದರೆ ಹೇಗೆ ನಡುಗುತ್ತದೆ, ಎಲ್ಲ ಅವರಿಗೆ ಬಾಯಿಪಾಠವಾಯಿತು. ಕಾಕಿ ಮಲಗಿದಾಗ ಉಸಿರಾಟಕ್ಕೆ ತಕ್ಕ ಹಾಗೆ ಕೆಳಗಿನ ಸಾಲು ಬೆಳಗಿ ಆರಿ, ಬೆಳಗಿ ಆರಿ ಆಗುತ್ತಿತ್ತು. ದಮ್ಮು ಕಟ್ಟಿದರೆ ಬೆಳಕು ಒಡೆದು ಚೂರಾಗುತ್ತಿತ್ತು, ಕಾಕಾ ಎದ್ದು ಓಡುತ್ತಿದ್ದರು. ಆ ವರ್ಷ ಒಂದು ಸಲವೂ ತಪ್ಪಲಿಲ್ಲ.

ಸುದ್ದಿ ಚಾಳಿನಲ್ಲಿ ಮುಚ್ಚಿಡಲು ಆಗುತ್ತದೆಯೇ? ಮಕ್ಕಳು ಬಂದು ತಮ್ಮ ತಮ್ಮ ಹೆಸರು ಕೂಗಿ ಬೆಳಕು ನೋಡಿಕೊಂಡು ಹೋದರು. ದೊಡ್ಡವರೂ ನೆಪ ಹುಡುಕಿಕೊಂಡು ಬಂದರು. ಗಣಪತಿ ಹಬ್ಬ ಹತ್ತಿರ ಬಂದಾಗ ಚಾಳಿನ ಮಂಡಳದ ಸೆಕ್ರೆಟರಿ ಬಂದರು. ಪಕ್ಕದ ಗಲ್ಲಿಯವರು ಕೈಕಾಲು ಆಡಿಸುವ ರಾಕ್ಷಸನನ್ನು ನಿಲ್ಲಿಸುತ್ತಾರಂತೆ, ನಮ್ಮಲ್ಲಿ ಏನಿದೆ? ಮಾತಿಗೆ ಹತ್ತುವ ದೀಪ ಗಣಪತಿಯ ಹಿಂದೆ ಇಟ್ಟರೆ ದಾದರಿಗೆ ದಾದರೇ ಬರುತ್ತದೆ ಎಂದರು. ಕಾಕಾ ಸೆಕ್ರೆಟರಿಯ ತುಟಿ ಓದಿ, ಆಗುವುದಿಲ್ಲ ಎಂದು ಕೂಗಿಬಿಟ್ಟರು. ಆ ದೀಪ ಒಂದು ಗಂಟೆಯೂ ಮಂಚದ ಹತ್ತಿರ ಇಲ್ಲದೆ ಇರುವಂತಿಲ್ಲ. ನಾನೂ ಅವರದೇ ಮಾತು ಆಡಿದೆ.

ಕೊಡೋಣ ಎಂದದ್ದು ಕಾಕಿ. ಹಠ ಹಿಡಿದರು. ಎರಡು ವರ್ಷವಾಯಿತು ಕೆಳಗೆ ಇಳಿದು, ಗಣಪತಿಯ ಮುಖ ನೋಡಿ. "ನಾ ಹೋಗಾಕ ಆಗೂದಿಲ್ಲ. ನನ್ ದನಿಯರೆ ಹೋಗ್ಲಿ" ಎಂದರು. ಆ ಮಾತು ಕಾಕಾಗೆ ಎಲ್ಲಿ ತಾಗಿತೋ. ಅವರು ಬೇರೆಯೇ ಒಂದು ಉಪಾಯ ಹೂಡಿದರು. ಕೊನೆಯ ದಿನ, ವಿಸರ್ಜನೆಗೆ ಮುಂಚಿನ ಆರತಿಗೆ ಮಾತ್ರ ಹಣಿಗೆಯನ್ನು ಪೆಂಡಾಲಿಗೆ ಇಳಿಸುವುದು. ಟೆಲಿಫೋನಿನ ಬಾಯಿ ಮಾತ್ರ ಮೇಲೆ ಮಂಚದ ಹತ್ತಿರವೇ ಇರುವುದು. ನಡುವೆ ಉದ್ದನೆಯ ವಾಯರ್. ಕಾಕಿ ಮಂಚದಿಂದಲೇ ಹಾಡಬೇಕು, ಆಕೆಯ ದನಿ ಮೂರು ಮಾಳಿಗೆ ಇಳಿದು ದೇವರ ಮುಂದೆ ಹತ್ತಬೇಕು. ಬೇರೆ ಯಾರೂ ಅದಕ್ಕೆ ಕೂಗುವಂತಿಲ್ಲ. ಕಾಕಾ ಕೆಳಗೆ ಪೆಟ್ಟಿಗೆ ನೋಡಿಕೊಳ್ಳುವುದು, ನಾನು ಮೇಲೆ ಕಾಕಿಯ ಹತ್ತಿರ ಕೂರುವುದು. ಇದರಲ್ಲಿ ಏನು ತಪ್ಪಿದೆ? ಈಗಲೂ ಯೋಚಿಸುತ್ತೇನೆ, ತಪ್ಪು ಕಾಣುವುದಿಲ್ಲ.

ಆ ಸಂಜೆ ಕಾಕಿ ನನ್ನ ಕೈಯಿಂದ ತಲೆ ಬಾಚಿಸಿಕೊಂಡರು. ಹಸಿರು ಇಳಕಲ್ ಸೀರೆ ಉಡಿಸಿದೆ. ಕಾಕಾ ಇಳಿಯುವ ಮುಂಚೆ ಕಿಟಕಿ ಮುಚ್ಚಿ ಸಂದಿಗೆಲ್ಲ ಬಟ್ಟೆ ತುರುಕಿದರು, ಬಾಗಿಲೂ ಮುಚ್ಚಿಕೋ ಎಂದರು. ಕೆಳಗಿನ ತಾಳ, ಜನರ ಗದ್ದಲ ಮೇಲೆ ಬಂದು ಟೆಲಿಫೋನಿನ ಬಾಯಿಗೆ ಬಿದ್ದರೆ ದೀಪ ಅದಕ್ಕೇ ಹತ್ತುತ್ತದೆ. ಅವರಿಗೆ ಬೇಕಾಗಿದ್ದದ್ದು ಆಕೆಯ ದನಿ ಒಂದೇ. ಖೋಲಿ ಸೆಖೆಯಲ್ಲಿ ಬೆಂದು ಹೋಗುತ್ತಿತ್ತು. ಕಾಕಿ ಬೆವರು ಒರೆಸಿಕೊಂಡು ತಮ್ಮ ಊರಿನ ಗಣಪತಿಯ ಹಾಡು ಶುರು ಮಾಡಿದರು.

ಒಂದು ನುಡಿ ಮುಗಿಯುವಷ್ಟರಲ್ಲಿ ಕೆಳಗಿನಿಂದ, ಮುಚ್ಚಿದ ಬಾಗಿಲನ್ನೂ ದಾಟಿ, ಚಪ್ಪಾಳೆ ಕೇಳಿಸಿತು. ಮೊದಲು ಸಣ್ಣದು, ಆಮೇಲೆ ಮಳೆ ಹೊಯ್ದ ಹಾಗೆ. ಕಾಕಿ ನನ್ನ ಮುಖ ನೋಡಿದರು. "ನನಗಬೇ? ನನಗ ಚಪ್ಪಾಳಿ ಹೊಡ್ಯಾಕತ್ತಾರ?" ಎಂದು ನಕ್ಕರು. ಆ ನಗುವಿಗೂ ದೀಪ ಹತ್ತಿರಬೇಕು, ಇನ್ನೊಂದು ಚಪ್ಪಾಳೆ ಬಂತು. ಹುರುಪು ಬಂತು ನೋಡಿ ಅವರಿಗೆ. ಎರಡನೆಯ ನುಡಿಯನ್ನು ಎತ್ತರದ ದನಿಯಲ್ಲಿ ಎತ್ತಿಕೊಂಡರು. ಬೇಡ ಕಾಕಿ, ಮೆಲ್ಲ, ಎಂದೆ. ಕೇಳಲಿಲ್ಲ. ಆ ಎತ್ತರದಲ್ಲೇ ಉಸಿರು ಕಟ್ಟಿತು.

ನಾನು ಎತ್ತಿ ಕೂರಿಸಿದೆ, ಬೆನ್ನು ನೀವಿದೆ, ಗುಳಿಗೆ ನಾಲಿಗೆಯ ಮೇಲಿಟ್ಟೆ. ಅದು ಯಾವುದಕ್ಕೂ ಬಗ್ಗುವ ದಮ್ಮು ಆಗಿರಲಿಲ್ಲ. ಕೈ ಬಿಟ್ಟರೆ ಅಡ್ಡ ಬೀಳುತ್ತಾರೆ; ನನ್ನ ರವಿಕೆಯನ್ನು ಹಿಡಿದು ಎಳೆಯುತ್ತಿದ್ದರು. ಹೇಗೋ ಕಾಲು ಚಾಚಿ ಬಾಗಿಲನ್ನು ಒದ್ದು ತೆಗೆದೆ. ಗ್ಯಾಲರಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ, ಚಾಳಿಗೆ ಚಾಳೇ ಕೆಳಗಿತ್ತು. ದಿಂಬು ಒರಗಿಸಿ ಕೂರಿಸಿ ಕಟಕಟೆಯವರೆಗೆ ಓಡಿ ಕೂಗಿದೆ. ಅಂಗಳದ ಮೇಲೆ ಪೂರ್ತಿ ಪೆಂಡಾಲಿನ ಟಾರ್ಪಾಲು ಕಟ್ಟಿದ್ದರು. ಒಂದು ತಲೆಯೂ ಕಾಣಲಿಲ್ಲ, ತಾಳದ ಸದ್ದಿನಲ್ಲಿ ನನ್ನ ಕೂಗು ಯಾರಿಗೂ ಮುಟ್ಟಲಿಲ್ಲ. ಹಿಂದೆ ಕಾಕಿ ವಾಲಿದರು. ಓಡಿಬಂದು ಹಿಡಿದೆ.

ಆಗ ಟೆಲಿಫೋನಿನ ಬಾಯಿ ಕಣ್ಣಿಗೆ ಬಿತ್ತು. ಅದನ್ನು ಎಳೆದು ಹಿಡಿದು, "ಕಾಕಾ, ಬೇಗ ಬನ್ನಿ! ಕಾಕಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಕೆಳಗೆ ಚಪ್ಪಾಳೆಯಾಯಿತು.

ಮತ್ತೆ ಕೂಗಿದೆ. ಡಾಕ್ಟರನ್ನು ಕರೆತನ್ನಿ ಎಂದು ಕೂಗಿದೆ, ಕನ್ನಡದಲ್ಲಿ, ಹಿಂದಿಯಲ್ಲಿ, ಗೊತ್ತಿದ್ದ ಮುರುಕು ಮರಾಠಿಯಲ್ಲಿ. ಪ್ರತಿ ಕೂಗಿಗೂ ಚಪ್ಪಾಳೆ, ಹಿಂದಿನದಕ್ಕಿಂತ ಜೋರಾಗಿ. "ಮೋರಯಾ!" ಎಂದು ಜಯಕಾರ. ನನ್ನ ಮಾತು ವಾಯರಿನಲ್ಲಿ ಇಳಿದು ಹೋಗಿ ಅಲ್ಲಿ ಬರೀ ಬೆಳಕಾಗುತ್ತಿತ್ತು. ಅಯ್ಯೋ ದೇವರೇ, ಎಂಥ ನರಕ ಅದು! ಕೊನೆಗೆ ಕೂಗುವುದಕ್ಕೇ ಹೆದರಿದೆ. ಟೆಲಿಫೋನಿನ ಬಾಯಿಯನ್ನು ಕೆಳಗೆ ಹಾಕಿ ಕಾಕಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಆಕೆಯ ಕಿವಿ ಚೆನ್ನಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡೇ ಹೋದರು...

ಕೆಳಗೆ ಆದದ್ದು ನನಗೆ ಆಮೇಲೆ ತಿಳಿಯಿತು. ಕಾಕಿಯ ಬೆಳಕು ಒಡೆದು ಚೂರಾದ ಆ ಗಳಿಗೆಯಲ್ಲೇ ಕಾಕಾಗೆ ಗೊತ್ತಾಗಿತ್ತು. ಅದು ಅವರಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು? ಚೀರಿಕೊಂಡು ಎದ್ದರು, ಎದುರಿದ್ದವರನ್ನು ತಳ್ಳಿದರು. ಹಿಂದೆ ದೀಪ ಧಗ್ಗೆಂದು ಮೇಲಿನ ಸಾಲಿನವರೆಗೆ ಹೊತ್ತಿಕೊಂಡಿತು. ಅದು ನನ್ನ ಕೂಗು. ಮುಂದೆ ಕಿವುಡ ಮುದುಕ ಕೈಕಾಲು ಬಡಿಯುತ್ತ ಅಲ್ಲಿದ್ದ ಮರಾಠಿಯವರಿಗೆ ಅರ್ಥವಾಗದ ಕನ್ನಡದಲ್ಲಿ ಅರಚುತ್ತಿದ್ದಾನೆ. ಆರತಿಯ ಹೊತ್ತು. ನೆರೆದವರು ಏನು ತಿಳಿಯಬೇಕು? "ಅಂಗಾತ್ ಆಲಂ, ಅಂಗಾತ್ ಆಲಂ!" ಎಂದರಂತೆ. ಮೈಮೇಲೆ ದೇವರು ಬಂತು ಎಂದು. ಬೀಳದ ಹಾಗೆ ನಾಲ್ಕು ಜನ ಭಕ್ತಿಯಿಂದ ಬಿಗಿಯಾಗಿ ಹಿಡಿದುಕೊಂಡರು. ಹೆಂಗಸರು ಹಣೆಗೆ ಕುಂಕುಮ ಬಳಿದರು, ಕೊರಳಿಗೆ ಹೂ ಹಾಕಿದರು, ಕಾಲಿಗೆ ಬಿದ್ದರು. ಬಿಡಿಸಿಕೊಳ್ಳಲು ಅವರು ಎಷ್ಟು ಒದ್ದಾಡಿದರೋ ಜನಕ್ಕೆ ದೇವರ ಮೇಲಿನ ನಂಬಿಕೆ ಅಷ್ಟು ಹೆಚ್ಚಾಯಿತು. ಡಾಕ್ಟರೂ ಆ ಗುಂಪಿನಲ್ಲಿಯೇ ಕೈಮುಗಿದು ನಿಂತಿದ್ದರಂತೆ.

ಅವರು ಮೇಲೆ ಬಂದಾಗ ಮುಖವೆಲ್ಲ ಕುಂಕುಮ, ಕೊರಳಲ್ಲಿ ಚೆಂಡು ಹೂವಿನ ಹಾರ. ಮಂಚದ ಹತ್ತಿರ ನಿಂತು ಹೆಂಡತಿಯ ತುಟಿಯನ್ನೇ ನೋಡಿದರು, ಬಹಳ ಹೊತ್ತು. ಆಮೇಲೆ ಕಿಟಕಿಯ ಸಂದಿಗೆ ತುರುಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಹಾಕಿದರು. "ಕಿಡಕಿ ಮುಚ್ಚಿದಾಂವ ನಾನ, ತಂಗಿ" ಎಂದರು. ಆ ದಿನ ಅವರ ದನಿ ಗಟ್ಟಿ ಇರಲಿಲ್ಲ.

ಜನರ ಬಾಯಿ ಕೇಳಬೇಕಿತ್ತು. ದೇವರ ಹಾಡು ಹೇಳುತ್ತ ಹೋದಳು, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಸಿರಿಗಾಗಿ ಒದ್ದಾಡುತ್ತ ಆಕೆ ಎಳೆದು ಹರಿದ ನನ್ನ ರವಿಕೆಯನ್ನು ಅವರ ಮುಖಕ್ಕೆ ಹಿಡಿಯಬೇಕು ಎನಿಸುತ್ತಿತ್ತು. ಮರುವರ್ಷ ಮಂಡಳದವರು ಮತ್ತೆ ದೀಪ ಕೇಳಲು ಬಂದರು ಎಂದರೆ ನೀವು ನಂಬುವುದಿಲ್ಲ. ನಾನು ಬಾಗಿಲಿನಲ್ಲೇ ನಿಂತು ಬೈದು ಕಳಿಸಿದೆ.

ಕಾಕಾ ಹಣಿಗೆಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಿದ್ದರು. ಪಾಳಿಯಿಂದ ಬಂದು ಅದರ ಎದುರು ಕೂರುವುದು. ಹೊರಗೆ ಲೋಕಲ್ ರೈಲು ಹೋದರೆ ಒಂದಿಷ್ಟು ಮಿಣುಕುತ್ತಿತ್ತು, ನಾನು ಪಾತ್ರೆ ಬೀಳಿಸಿದರೆ ಮಿಣುಕುತ್ತಿತ್ತು. ಒಂದು ಸಂಜೆ ಸಾರು ಕೊಡಲು ಹೋದಾಗ ನನ್ನನ್ನು ಮಂಚದ ಹತ್ತಿರ ಕರೆದರು. "ತಂಗಿ, ನೀ ಆಕಿ ನಗೂದು ಕೇಳೀಯಲ್ಲ? ಒಮ್ಮೆ ಹಂಗ ನಗಬೇ" ಎಂದರು.

ಟೆಲಿಫೋನಿನ ಬಾಯಿ ಹಿಡಿದುಕೊಂಡೆ. ಕಾಕಿ ಮೊದಲು ಮೂಗಿನಲ್ಲೇ ತಡೆದುಕೊಳ್ಳುತ್ತಿದ್ದರು, ಆಮೇಲೆ ಎರಡು ಮೂರು ತುಂಡಾಗಿ ಬಿಡುತ್ತಿದ್ದರು, ಕೊನೆಯಲ್ಲಿ ಒಂದು ಉದ್ದನೆಯ ಎಳೆ. ಹಾಗೆಯೇ ನಗಲು ನೋಡಿದೆ. ಅಳು ನುಂಗಿಕೊಂಡು ನಗುವುದು ಎಂದರೆ ಏನೆಂದು ಅವತ್ತು ಗೊತ್ತಾಯಿತು. ಹಣಿಗೆಯ ಮೇಲೆ ಬೆಳಕು ಓಡಿತು. ಕಾಕಾ ಮುಂದಕ್ಕೆ ಬಾಗಿ ನೋಡಿದರು. ಇನ್ನೊಮ್ಮೆ ಎಂದರು, ನಕ್ಕೆ. ಮತ್ತೊಮ್ಮೆ ಎಂದರು, ನಕ್ಕೆ. "ಅಲ್ಲ" ಎಂದರು ಕೊನೆಗೆ. "ಅದಲ್ಲವ್ವಾ." ಪೆಟ್ಟಿಗೆ ಆರಿಸಿದರು.

ಆಮೇಲೆ ಅದು ಹತ್ತಲಿಲ್ಲ. ಬಲ್ಬುಗಳನ್ನು ಬಿಚ್ಚಿ ಚಾಳಿನ ಮಕ್ಕಳಿಗೆ ಟಾರ್ಚಿಗೆ ಹಂಚಿದರು. ಒಂದು ಬೆಳಿಗ್ಗೆ ನೋಡಿದರೆ ಖೋಲಿಗೆ ಬೀಗ. ಊರಿಗೆ ಹೋದರು ಎಂದು ಒಬ್ಬರು, ಧಾರಾವಿಯಲ್ಲಿ ಕಂಡರು ಎಂದು ಒಬ್ಬರು. ನಾನು ಧಾರಾವಿಗೂ ಹೋಗಿ ಹುಡುಕಿ ಬಂದೆ. ಸಿಗಲಿಲ್ಲ. ಕೆಲವು ವರ್ಷದ ನಂತರ ನಾವೂ ಚಾಳು ಬಿಟ್ಟು ಭಾಂಡುಪ್‌ಗೆ ಬಂದೆವು. ಈಗ ಆ ಚಾಳಿನ ಜಾಗದಲ್ಲಿ ದೊಡ್ಡ ಬಿಲ್ಡಿಂಗ್ ಇದೆ.

ಕಾಕಿಯ ನಗುವನ್ನು ಕಿವಿಯಾರೆ ಕೇಳಿದವರಲ್ಲಿ ಬಹುಶಃ ನಾನೊಬ್ಬಳೇ ಉಳಿದಿದ್ದೇನೆ. ನನ್ನ ಜೊತೆ ಅದೂ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಅದು ನನಗಿಂತ ಮೊದಲೇ ಹೋಗಿಬಿಟ್ಟಿದೆ. ಮೂಗಿನಲ್ಲಿ ತಡೆದದ್ದು, ತುಂಡಾಗಿ ಬಿಟ್ಟದ್ದು, ಕೊನೆಯ ಎಳೆ, ಇದನ್ನೆಲ್ಲ ಬರೆಯಬಲ್ಲೆ, ಹೇಳಬಲ್ಲೆ, ಕೇಳಿಸಿಕೊಳ್ಳಲಾರೆ. ಹೋದ ವಾರದಿಂದ ದಿನವೂ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕೂತು ಪ್ರಯತ್ನ ಮಾಡುತ್ತಿದ್ದೇನೆ. ಹಸಿರು ಸೀರೆ ಬರುತ್ತದೆ, ಬೆವರಿದ ಹಣೆ ಬರುತ್ತದೆ, ಕಾಕಿ ನನ್ನ ಕಡೆ ತಿರುಗಿ ಬಾಯಿ ತೆರೆಯುತ್ತಾರೆ. ಇನ್ನೇನು ನಕ್ಕರು ಎನ್ನುವಷ್ಟರಲ್ಲಿ ಕೆಳಗಿನಿಂದ ಚಪ್ಪಾಳೆ ಶುರುವಾಗುತ್ತದೆ.